ಒಣಗದ ಮೂಲೆ

ಮೂವತ್ತೆಂಟು ವರ್ಷ ನನ್ನ ಕಸುಬು ಒಂದೇ:
ನೆಲದಿಂದ ನೀರು ಬಿಡಿಸುವುದು.
ಮೇನ್ ರಾಜ್ಯದ ಈ ಬಡಗು ತುದಿಯಲ್ಲಿ,
ಸೇಂಟ್ ಜಾನ್ ಹೊಳೆಯ ದಂಡೆಯಲ್ಲಿ
ಯಾವ ಆಲೂಗಡ್ಡೆ ಹೊಲವನ್ನಾದರೂ ತೋರಿಸಿ,
ಅದರಡಿ ನಾನಿಟ್ಟ ಕೊಳವೆ ಎಷ್ಟು ಆಳದಲ್ಲಿದೆ
ನಿದ್ದೆಗಣ್ಣಲ್ಲೂ ಹೇಳುತ್ತೇನೆ.
ಸಿರ್ ಮನೆಯವರದ್ದು ಮೂರಡಿ, ವೆಲೆಟ್‌ರದ್ದು ಮೂರೂವರೆ,
ಚರ್ಚಿನ ಹಿಂದೆ ನಾಲ್ಕು, ಅಲ್ಲಿ ಜೇಡಿ.

ನನ್ನದೇ ಹಿತ್ತಲಲ್ಲಿ, ಸೌದೆ ಕೊಟ್ಟಿಗೆಯ ಪಕ್ಕ
ಒಂದು ಮೂಲೆ ಮಾತ್ರ ಮಾತು ಕೇಳಲಿಲ್ಲ.
ಮೂರು ಲಾರಿ ಜಲ್ಲಿ ನುಂಗಿತು,
ತೇಗಲಿಲ್ಲ.
ಹುಲ್ಲು ಕೊಯ್ಯುವ ಯಂತ್ರದ ಎರಡು ಚಕ್ರ
ಇಡೀ ಭಾನುವಾರ ಕಚ್ಚಿ ಹಿಡಿದಿತ್ತು.
ಪಾದ್ರಿಗಳು ಬೇಲಿಯಾಚೆ ನಿಂತು ನಕ್ಕರು:
"ಏನು ರೊಸೇರ್, ವೈದ್ಯನಿಗೇ ನೆಗಡಿ?"

ಆ ವರ್ಷ ಆಗಸ್ಟಿನಲ್ಲಿ ಮಿಲ್ ರಸ್ತೆಯ ಹಳ್ಳ ಅಗಲ ಮಾಡಲು
ಗೂಟ ಹೊಡೆದರು, ಕಿತ್ತಲೆ ಪಟ್ಟಿ ಕಟ್ಟಿದರು.
ಗುತ್ತಿಗೆ ನನ್ನದೇ.
ಹಿಂದಿನ ಸಂಜೆ ಲಿಯೊನೀದ್
ನನ್ನ ಗಂಬೂಟಿಗೆ ಕಾಲು ತೂರಿಸಿದಳು,
ದೊಡ್ಡದಾಯಿತೆಂದು ಇನ್ನೊಂದು ಜೊತೆ ಕಾಲುಚೀಲ.
ಸಲಿಕೆ, ಒಂದು ಹಳೇ ಟವೆಲು.
ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಸೂಪು ಆರುತ್ತಿತ್ತು.
ಮರಳಿದಾಗ ಟವೆಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು
ಮಧ್ಯಾಹ್ನ ತಾನೇ ಒರೆಸಿದ್ದ ನೆಲಕ್ಕೆ.
"ಇದಕ್ಕೆ ಒದ್ದೆ ಬೇಕು," ಅಂದಳು.
"ನೀನು ಸೋತ ಜಾಗ ನನಗೆ ಕೊಡು."

ಆಮೆತಲೆ ಎನ್ನುತ್ತಾರೆ ಇದಕ್ಕೆ.
ಸೊಂಟಕ್ಕೆ ಬಾರದ ದಂಟು, ಎದುರುಬದುರು ಎಲೆ,
ತುದಿಗೆ ಬಿಳಿ ಬಿಳಿ ಬಾಯಿಗಳ ಗೊಂಚಲು,
ಎಲ್ಲವೂ ಮುಚ್ಚಿದವೇ.
"ಇನ್ನೂ ಅರಳಲಿಲ್ಲವಾ?"
ಮೂರು ದಿನ ಕೇಳಿದೆ.
"ಅರಳಿರುವುದೇ ಅದು," ಅಂದಳು.

ನಾಲ್ಕನೇ ದಿನ ಬಂತೊಂದು ದಪ್ಪ ದುಂಬಿ,
ಚಳಿಗೆ ಮುಂಚೆಯೇ ಸ್ವೆಟರು ತೊಟ್ಟಂಥದ್ದು.
ಭುಜ ಕೊಟ್ಟು ತಳ್ಳಿತು. ತುಟಿ ಸರಿಯಿತು.
ಒಳಹೊಕ್ಕ ಮೇಲೆ ಬಾಗಿಲು ತಾನೇ ಮುಚ್ಚಿತು.
ಹೂವಿನೊಳಗೆ ಗುಂಯ್ಗುಟ್ಟುವ ಸದ್ದು,
ಪಾಪನಿವೇದನೆಯ ಗೂಡಿನಲ್ಲಿ
ಯಾರೋ ಮುದುಕ ಹಳೇ ಲೆಕ್ಕ ಒಪ್ಪಿಸುತ್ತಿದ್ದಂತೆ.
ಹೊರಬಂದದ್ದು ಹಿಮ್ಮುಖವಾಗಿ,
ಬೆನ್ನಿಗೆಲ್ಲ ಹಿಟ್ಟು.

ಮೂರನೇ ಬೇಸಿಗೆಗೆ ಹುಳು ಬಿತ್ತು.
ಎಲೆಯೆಲ್ಲ ಬಲೆ, ಬಲೆಯೆಲ್ಲ ಕಪ್ಪು ಮುಳ್ಳಿನ
ಕಿತ್ತಲೆ ಮೈಯ ಕಂಬಳಿಹುಳು, ನೂರಾರು.
ಪಕ್ಕದ ಆರ್ಮಾನ್ ಬೆನ್ನಿಗೆ ಔಷಧಿ ಡಬ್ಬ ಏರಿಸಿಯೇ ಬಂದ:
"ಐದು ನಿಮಿಷ, ಕಾಸು ಬೇಡ."
ಲಿಯೊನೀದ್ ಪಾತ್ರೆ ಒರೆಸುವ ಬಟ್ಟೆ ಹಿಡಿದೇ ಅಡ್ಡ ನಿಂತಳು.
"ನೆಂಟರು ಬರಲಿ ಅಂತಲೇ ಅಡುಗೆ ಮಾಡಿದ್ದು, ಆರ್ಮಾನ್.
ಉಣ್ಣುವಾಗ ಓಡಿಸುತ್ತೀಯಾ?"
ಗಿಡ ಬರೀ ಕಡ್ಡಿಯಾಯಿತು.
ಶರತ್ಕಾಲದಲ್ಲಿ ಆ ಮೂಲೆಯ ತರಗೆಲೆ ಗುಡಿಸಲು ನನ್ನನ್ನು ಬಿಡಲಿಲ್ಲ.
"ಅಡಿಯಲ್ಲಿ ಮಲಗಿದ್ದಾರೆ," ಎಂದಳು.
ಆರು ತಿಂಗಳು ಹಿಮ.
ಜುಲೈನಲ್ಲಿ, ಚರ್ಚಿನ ಕಿಟಕಿ ಒಡೆದು
ಗಾಜಿನ ಚೂರು ಹಾರಿಬಂದ ಹಾಗೆ
ಕಪ್ಪು, ಬಿಳಿ, ಕೆಂಡದ ಬಣ್ಣದ ಚಿಟ್ಟೆಗಳು
ಒಣಹಾಕಿದ ನನ್ನ ಅಂಗಿಯ ಮೇಲೆ ಕೂತಿದ್ದವು.
ಕಡ್ಡಿ ಮತ್ತೆ ಚಿಗುರಿತ್ತು.

ಈ ಸೆಪ್ಟೆಂಬರಿನಲ್ಲಿ, ಗಡ್ಡೆ ಕೀಳಲು ಶಾಲೆಗೆ ರಜೆ ಬಿಟ್ಟ ವಾರ,
ವೆಲೆಟ್‌ರ ಕಿರಿಯವನು ಕರೆದ.
ತೋಪಿನ ಕೆಳಗಿನ ತಗ್ಗು ಒಣಗಿಸಬೇಕಂತೆ, ಎರಡು ಎಕರೆ.
ಮಟ್ಟದ ಕೋಲು ಹಿಡಿದು ಇಳಿದೆ.
ಮಂಡಿವರೆಗೆ ಕೆಸರು, ಮಂಡಿಯಿಂದಾಚೆಗೆ
ಕಣ್ಣು ಹರಿದಷ್ಟೂ ಮುಚ್ಚಿದ ಬಿಳಿ ಬಾಯಿ.
ಒಳಗೊಳಗೇ ಗುಂಯ್.
ಅಳೆದೆ. ಇನ್ನೊಮ್ಮೆ ಅಳೆದೆ.
ಮೇಲೆ ಬಂದು ಹುಡುಗನಿಗೆ ಹೇಳಿದೆ:
"ಇಳಿಜಾರು ಸಾಲದು ಮಗೂ. ನೀರು ಹೋಗುವುದಿಲ್ಲ."
ನನ್ನ ಮಾತಿಗೆ ಈ ಕಣಿವೆಯಲ್ಲಿ ಎರಡನೇ ಮಾತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಲಿಯೊನೀದಳಿಗೂ ಅದನ್ನೇ ಅಂದೆ.
ಅವಳು ಬಾಗಿಲಲ್ಲಿ ಬಿಚ್ಚಿಟ್ಟ ಬೂಟು ನೋಡಿದಳು,
ಅದಕ್ಕಂಟಿದ ಒಂದು ಬಿಳಿ ಎಸಳು ನೋಡಿದಳು.
"ಎಷ್ಟು ಕಮ್ಮಿ ಬಿತ್ತು?"
ನಾನು ಬಾಯಿ ಬಿಡಲಿಲ್ಲ.
ಬೆಂಚಿನ ಮೇಲೆ ಒತ್ತಿಕೊಂಡು ಬಂದು
ಭುಜದಿಂದ ಮೆಲ್ಲಗೆ
ಒಮ್ಮೆ ತಳ್ಳಿದಳು.